ನೆತ್ತಿಗೆ ತಟ್ಟಿದ ಹರಳೆಣ್ಣೆ

ನರಕ ಚತುರ್ದಶಿಯ ಬೆಳಿಗ್ಗೆ ಆಸ್ಪತ್ರೆಯ ಬೀಗ ತೆಗೆದಾಗ, ಸ್ವಲ್ಪ ಹೊತ್ತು ಕೂತು ಬಾಗಿಲು ಮುಚ್ಚಿಕೊಂಡು ಹೋಗುವ ಲೆಕ್ಕ ನನ್ನದು. ಹಬ್ಬದ ದಿನ ಯಾರು ದನ ಹೊಡೆದುಕೊಂಡು ಬರುತ್ತಾರೆ? ರೂಮಿನಲ್ಲಿ ನೀರು ತುಂಬಿಟ್ಟು, ಎಣ್ಣೆ ಶೀಶೆಯನ್ನು ಕಿಟಕಿಯ ಮೇಲಿಟ್ಟು ಬಂದಿದ್ದೆ. ಮದುವೆಯಾಗದವನಿಗೆ ಎಣ್ಣೆ ಸ್ನಾನವೂ ಒಂದು ಕೆಲಸ. ತನ್ನ ನೆತ್ತಿಗೆ ತಾನೇ ಎಣ್ಣೆ ತಟ್ಟಿಕೊಳ್ಳಬೇಕು.

ನಮ್ಮ ಪಶು ಆಸ್ಪತ್ರೆ ಇದ್ದದ್ದು ಜಯನಗರದ ಹೊಸ ಮನೆಗಳು ಮುಗಿದು ಸಾರಕ್ಕಿಯ ರಾಗಿ ಹೊಲ ಶುರುವಾಗುವ ಜಾಗದಲ್ಲಿ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಸ್ತೆಗಳಿಗೆ ಜಲ್ಲಿ ಬಿದ್ದಿತ್ತು, ಟಾರು ಬಿದ್ದಿರಲಿಲ್ಲ. ಬರುತ್ತಿದ್ದದ್ದು ಹಾಲಿನವರ ಎಮ್ಮೆ, ಗಾಡಿ ಎತ್ತು, ಕುರಿ. ನಾಯಿ ಬಂದರೆ ಕಾಂಪೌಂಡರ್ ಮುಖ ಸಿಂಡರಿಸುತ್ತಿದ್ದ. ಅವನು ಬೇಗೂರಿನಿಂದ ಸೈಕಲ್ಲಿನಲ್ಲಿ ಬರುವ ಗಟ್ಟಿ ಆಳು, ಹೋರಿಯ ಮೂಗುದಾರ ಹಿಡಿಯಲು ಹೆದರದವನು, ನಾಯಿಯ ಬಾಯಿ ಕಂಡರೆ ಮಾತ್ರ ದೂರ. ಅವನನ್ನು ತಪ್ಪು ಎನ್ನಲಾರೆ. ಹುಚ್ಚು ನಾಯಿ ಕಡಿತ ಎಂದರೆ ಹೊಟ್ಟೆಯ ಸುತ್ತ ಚುಚ್ಚಿಸಿಕೊಳ್ಳುವ ಇಂಜೆಕ್ಷನ್ನಿನ ಕಾಲ ಅದು.

ಅವತ್ತು ಮೊದಲು ಬಂದದ್ದು ಗೋಣಿಚೀಲದಲ್ಲಿ ಸುತ್ತಿದ ನಾಯಿ. ಬರುವಷ್ಟರಲ್ಲಿ ಸತ್ತಿತ್ತು. ಎರಡನೆಯದು ನಾನು ಸಿರಿಂಜಿಗೆ ಮದ್ದು ಎಳೆದುಕೊಳ್ಳುತ್ತಿದ್ದಾಗ ಮೇಜಿನ ಮೇಲೆಯೇ ಪ್ರಾಣ ಬಿಟ್ಟಿತು. ಎರಡೂ ಬಡಾವಣೆಯ ಮನೆಗಳವು, ಅಕ್ಕಪಕ್ಕದ ಬೀದಿಗಳವು. ಎರಡಕ್ಕೂ ಮೈ ಅದುರಿ ಅದುರಿ ಸೆಟೆದುಕೊಂಡಿತ್ತು. "ಯಾರೋ ವಿಷ ಇಟ್ಟವ್ರೆ ಸಾರ್," ಎಂದ ಕಾಂಪೌಂಡರ್. ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ ಜಿಮ್ಮಿ ಬಂತು. ಬಿಳಿಯ ಸ್ಪಿಟ್ಜ್ ನಾಯಿ, ತುಂಬು ಕೂದಲು. ಎತ್ತಿಕೊಂಡು ಬಂದವರು ನಿವೃತ್ತ ಓವರ್‌ಸಿಯರ್ ರಾಯರು. ಹೊಸ ಪಂಚೆ ಉಟ್ಟಿದ್ದರು. ಎಡಗೈಗೆ ಕರವಸ್ತ್ರ ಸುತ್ತಿದ್ದರು, ಅದರಲ್ಲಿ ರಕ್ತ ಕಾಣುತ್ತಿತ್ತು. ಹಿಂದೆ ಅವರ ಹೆಂಡತಿ, ಕಣ್ಣು ಮಂಜಾದ ಹೆಂಗಸು, ಜಲ್ಲಿ ರಸ್ತೆಯಲ್ಲಿ ಎಡವುತ್ತ ನಡೆದು ಬಂದಿದ್ದರು. ಅವರ ಕೂದಲು ಇನ್ನೂ ಒದ್ದೆ ಇತ್ತು.

"ಹಿಡ್ಕೊಳೋಕೆ ಹೋದೆ, ಹಲ್ಲು ನಾಟ್ತು," ಎಂದರು ರಾಯರು. "ಇದಕ್ಕೆ ಹುಚ್ಚು ಹಿಡಿದಿದೆ ಡಾಕ್ಟ್ರೇ. ಮುಗಿಸಿಬಿಡಿ."

"ಹಾಗನ್ಬೇಡಿ," ಎಂದರು ಅವರ ಹೆಂಡತಿ, ಗಂಡನಿಗೋ ನನಗೋ ತಿಳಿಯಲಿಲ್ಲ.

ನಾನು ನಾಯಿಯ ಮೂತಿಗೆ ಬ್ಯಾಂಡೇಜು ಬಿಗಿದು ನೋಡಿದೆ. ತುಟಿ, ಕಿವಿ, ಕಣ್ಣರೆಪ್ಪೆ ಎಲ್ಲ ಮಿಡಿಯುತ್ತಿದ್ದವು. ಮಿಡಿತ ಕುತ್ತಿಗೆಗೆ ಇಳಿದು, ಬೆನ್ನಿಗೆ ಹರಡಿ, ಕೊನೆಗೆ ಇಡೀ ಮೈ ಸೆಟೆದು ಬೀಳುತ್ತಿತ್ತು. ಬಿಟ್ಟ ಮೇಲೆ ಎರಡು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮತ್ತೆ ತುಟಿಯಿಂದ ಶುರು. ಜ್ವರ ನೋಡಿದರೆ ಪಾದರಸ ಕೊಳವೆಯ ತುದಿ ಮುಟ್ಟಿತ್ತು. ನಡುವೆ ಒಂದು ಬಿಡುವಿನಲ್ಲಿ ಅದು ಕಣ್ಣು ತೆರೆದು, ರಾಯರ ಹೆಂಡತಿಯ ಕಡೆ ತಿರುಗಿ, ಬಾಲ ಅಲ್ಲಾಡಿಸಲು ನೋಡಿತು. ಮನೆಯವರ ಗುರುತು ಅದಕ್ಕಿತ್ತು. ಆದರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಗುರುತು ಹಿಡಿಯುವ ಹುಚ್ಚು ನಾಯಿಗಳೂ ಇವೆ, ನೀರು ಕುಡಿಯುವ ಹುಚ್ಚು ನಾಯಿಗಳೂ ಇವೆ.

"ಏನು ತಿಂದಿತ್ತು?"

"ರಾತ್ರಿ ಮೊಸರನ್ನ. ಬೆಳಿಗ್ಗೆ ಒಂದು ಕಜ್ಜಾಯ, ಅದೂ ಅರ್ಧ ಬಿಟ್ಟಿದೆ," ಎಂದರು ಆಕೆ. "ನಡುಗೋಕೆ ಶುರುವಾದ ಮೇಲೆ, ವಿಷ ಏನಾದ್ರೂ ತಿಂದಿರಬಹುದು ಅಂತ ತುಪ್ಪ ಕುಡಿಸಿದ್ವಿ."

ಮೂತಿ, ಕುತ್ತಿಗೆಯ ಕೂದಲೆಲ್ಲ ಜಿಡ್ಡು ಜಿಡ್ಡಾಗಿದ್ದದ್ದು ಅದಕ್ಕೆ ಎಂದುಕೊಂಡೆ. ಸೆಟೆಯುವ ಪ್ರಾಣಿಗೆ ಬಾಯಲ್ಲಿ ಏನನ್ನೂ ಹೊಯ್ಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಸ್ವಲ್ಪ ಬಿರುಸಾಗಿಯೇ ಹೇಳಿದೆ. ಆಕೆ ತಲೆ ತಗ್ಗಿಸಿದರು.

ಮುಂಗಾಲಿನ ರಕ್ತನಾಳ ಹುಡುಕಿ, ನಿದ್ರೆ ಬರಿಸುವ ಪೆಂಟೋಬಾರ್ಬಿಟೋನನ್ನು ನಿಧಾನವಾಗಿ ಏರಿಸಿದೆ. ಈ ಮದ್ದು ಸ್ವಲ್ಪ ಹೆಚ್ಚಾದರೆ ಉಸಿರೇ ನಿಲ್ಲುತ್ತದೆ, ಕಡಿಮೆಯಾದರೆ ಪ್ರಯೋಜನವಿಲ್ಲ. ಸಿರಿಂಜಿನ ಮೇಲೆ ಒಂದು ಕಣ್ಣು, ಪಕ್ಕೆಲುಬಿನ ಮೇಲೆ ಒಂದು ಕಣ್ಣು. ಅದುರು ನಿಂತಿತು. ಕರು ಹಾಕಿ ಬಿದ್ದ ಹಸುಗಳಿಗೆಂದು ಇಟ್ಟಿದ್ದ ಕ್ಯಾಲ್ಸಿಯಂ ಬಾಟಲಿಯಿಂದಲೂ ಸ್ವಲ್ಪ ಕೊಟ್ಟೆ, ನರಗಳಿಗೆ ಆಸರೆಯಾಗಲಿ ಎಂದು. ಹಿಂದಿನ ದನದ ಕೊಠಡಿಯಲ್ಲಿ ಗೋಣಿ ಹಾಸಿ ಮಲಗಿಸಿದೆವು.

ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿ ಹೆಲ್ತ್ ಇನ್ಸ್‌ಪೆಕ್ಟರ್ ಬಂದರು. ಹಬ್ಬದ ಊಟಕ್ಕೆ ಮೊದಲು ಕೆಲಸ ಮುಗಿಸುವ ಆತುರದಲ್ಲಿದ್ದರು. ಬಂದೂಕಿನವನನ್ನು ಕಳಿಸುತ್ತೇನೆ ಎಂದರು.

"ತಲೆಗೆ ಗುಂಡು ಹೊಡೆದ್ರೆ ಪರೀಕ್ಷೆಗೆ ಕಳಿಸೋಕೆ ಮಿದುಳೇ ಇರಲ್ಲ ಸಾರ್," ಎಂದೆ. "ಕಚ್ಚಿದ ನಾಯಿನ ಕೊಲ್ಲಬಾರದು, ಹತ್ತು ದಿನ ಕಟ್ಟಿ ಹಾಕಿ ನೋಡ್ಬೇಕು. ಬದುಕಿದ್ರೆ ಹುಚ್ಚಲ್ಲ ಅಂತ ಗೊತ್ತಾಗುತ್ತೆ. ಈಗಲೇ ಕೊಂದ್ರೆ ರಾಯರು ಪೂರ್ತಿ ಕೋರ್ಸು ಚುಚ್ಚಿಸ್ಕೋಬೇಕು, ಬೇಕಿತ್ತೋ ಬೇಡವೋ ಯಾರಿಗೂ ತಿಳಿಯಲ್ಲ."

"ನಿಮ್ಮ ಶಾಸ್ತ್ರ ನಿಮಗೆ. ಬೀದಿ ನನಗೆ," ಎಂದರು ಅವರು, ಸಿಟ್ಟಿಲ್ಲದೆ. "ನಾಳೆ ಬೆಳಿಗ್ಗೆ ಬರ್ತೀನಿ. ಇದೇ ಥರ ಸೆಟೆದುಕೊಂಡು ಬಿದ್ದಿದ್ರೆ ನನ್ನ ತಡೀಬೇಡಿ."

ಅವರು ಹೇಳಿದ್ದೂ ನ್ಯಾಯವೇ. ಪಕ್ಕದಲ್ಲೇ ಮಕ್ಕಳು ಪಟಾಕಿ ಹಚ್ಚುತ್ತಿದ್ದ ಬೀದಿ. ರಾಯರ ಗಾಯವನ್ನು ಸೋಪು ಹಾಕಿ ತೊಳೆಸಿ, ಕಾಯದೆ ಇವತ್ತೇ ಮೊದಲ ಇಂಜೆಕ್ಷನ್ ತೆಗೆದುಕೊಳ್ಳಿ ಎಂದು ದೊಡ್ಡಾಸ್ಪತ್ರೆಗೆ ಕಳಿಸಿದೆ. ಅವರು ಹೋದರು. ಆಕೆ ಹೋಗಲಿಲ್ಲ. ದನದ ಕೊಠಡಿಯ ಹೊಸ್ತಿಲಲ್ಲಿ ಕೂತುಬಿಟ್ಟರು.

"ಮನೆಗೆ ಹೋಗಿ ಅಮ್ಮಾ, ಹಬ್ಬ."

"ನನಗೆ ಹಿತ್ತಲಲ್ಲಿ ಹಗ್ಗ ಯಾವುದು ಹಾವು ಯಾವುದು ಕಾಣಲ್ಲಪ್ಪ. ಸುತ್ತ ಎಲ್ಲಾ ಅರ್ಧ ಕಟ್ಟಿದ ಮನೆ, ಕಲ್ಲಿನ ರಾಶಿ. ನೀರೊಲೆ ಹತ್ರ ಹೋಗ್ಬೇಕಾದ್ರೆ ಇದು ಮುಂದೆ, ನಾನು ಹಿಂದೆ. ಇದು ನಿಂತ್ರೆ ನಾನೂ ನಿಲ್ತೀನಿ," ಎಂದರು. "ಇದಿಲ್ದೆ ಮನೆಗೆ ಹೋಗಿ ಏನ್ ಮಾಡ್ಲಿ?"

ಒಂದು ಕಡೆ ಕೂರುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ನಾಯಿ ಮಲಗಿರುವಾಗ ಅದರ ಉಸಿರು ಎಣಿಸುತ್ತ ಕೂರಲು ಕಾಂಪೌಂಡರನಿಗೆ ಹೇಳಿ ಸೈಕಲ್ ಹತ್ತಿದೆ. ವಿಷದ ಮಾಂಸ ಎಲ್ಲಾದರೂ ಬಿದ್ದಿದ್ದರೆ ಹುಡುಕಲೇಬೇಕು. ಆ ಎರಡು ಬೀದಿಗಳ ಮೋರಿ, ಕಸದ ತೊಟ್ಟಿ, ಖಾಲಿ ಸೈಟುಗಳ ಕುರುಚಲು ಎಲ್ಲ ಕೋಲಿನಿಂದ ಕೆದಕಿದೆ. ಹೊಸ ಬಟ್ಟೆ ಉಟ್ಟು ಜಗುಲಿಯ ಮೇಲೆ ನಿಂತಿದ್ದವರು, ಹಬ್ಬದ ದಿನ ಕಸ ಕೆದಕುವ ಈ ಮನುಷ್ಯನಿಗೇ ಏನೋ ಆಗಿದೆ ಎಂಬಂತೆ ನೋಡಿದರು.

ಏನೂ ಸಿಗಲಿಲ್ಲ. ಸಿಗದೆ ಇದ್ದದ್ದೇ ನನ್ನನ್ನು ಕೊರೆಯತೊಡಗಿತು. ವಿಷದ ತುಂಡು ಹಾಕಿದ್ದರೆ ಮೊದಲು ಸಾಯಬೇಕಾದ್ದು ಕಾಗೆ. ಒಂದೂ ಸತ್ತಿರಲಿಲ್ಲ. ಆಮೇಲೆ ಸಾಯಬೇಕಾದ್ದು ಬೀದಿ ನಾಯಿಗಳು. ತೊಟ್ಟಿಯ ಸುತ್ತ ಅವು ಹೊಟ್ಟೆ ತುಂಬ ಎಂಜಲೆಲೆ ನೆಕ್ಕಿ, ಬಿಸಿಲಿಗೆ ಕಾಲು ಚಾಚಿ ಮಲಗಿದ್ದವು. ಒಂದು ನಾಯಿ ನನ್ನ ಸೈಕಲ್ ಚಕ್ರದ ಹಿಂದೆ ಬೊಗಳುತ್ತ ಓಡಿ ಬಂತು, ಅಷ್ಟು ಆರೋಗ್ಯ. ಯಾರೂ ಮುದ್ದು ಮಾಡದ ನಾಯಿಗಳೆಲ್ಲ ಚೆನ್ನಾಗಿದ್ದವು. ಮನೆಯವರು ಹೆಸರಿಟ್ಟು ಕರೆಯುವ ನಾಯಿಗಳು ಸಾಯುತ್ತಿದ್ದವು. ಹುಚ್ಚು ಹೀಗೆ ಮನೆ ನೋಡಿ ಬರುವುದಿಲ್ಲ.

ಮಧ್ಯಾಹ್ನ ವಾಪಸು ಬಂದಾಗ ಜಿಮ್ಮಿಯ ತುಟಿ ಮತ್ತೆ ಮಿಡಿಯುತ್ತಿತ್ತು. ಮದ್ದಿನ ಬಲ ಇಳಿದಿದೆ ಎಂದುಕೊಂಡು ಇನ್ನೊಂದಷ್ಟು ಕೊಟ್ಟೆ. ಅದುರು ನಿಂತಿತು. ಸಂಜೆಗೆ ಮುಂಚೆ ಮತ್ತೆ ಬಂತು, ಈ ಸಲ ಮೊದಲಿಗಿಂತ ಜೋರಾಗಿ. ಉಸಿರು ಮೊದಲೇ ಕುಂದಿತ್ತು. ಮೂರನೆಯ ಸಲ ಅಷ್ಟೇ ಮದ್ದು ಕೊಡುವ ಧೈರ್ಯ ನನಗಿರಲಿಲ್ಲ. ಹೊರಗೆ ಹೋದೆ, ಒಳಗೆ ಬಂದೆ, ಮತ್ತೆ ಹೊರಗೆ ಹೋದೆ. ಬೆಳಿಗ್ಗೆ ಇನ್ಸ್‌ಪೆಕ್ಟರ್ ಬಂದಾಗ ನಾಯಿ ಹೀಗೇ ಇದ್ದರೆ ನಾನು ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ನಿಲ್ಲಬೇಕು. ಅದಕ್ಕೂ ಮುಂಚೆ ಸತ್ತರೆ ಅದೂ ಅಷ್ಟೇ. ಏನೋ ಒಂದು ಕಣ್ಣೆದುರೇ ಇದೆ, ನನಗೆ ಕಾಣುತ್ತಿಲ್ಲ ಎಂಬ ಸಿಟ್ಟಿಗೆ ಕಾಂಪೌಂಡರನ ಮೇಲೆ ಸುಮ್ಮನೆ ಹರಿಹಾಯ್ದೆ.

ಹಾಗೆ ಒಳಗೆ ಬಂದ ಒಂದು ಸಲ ಆಕೆ ಸೆರಗಿನ ಗಂಟಿನಿಂದ ಪುಟ್ಟ ಶೀಶೆ ತೆಗೆದು, ಅಂಗೈಗೆ ಸುರಿದುಕೊಂಡು, ನಾಯಿಯ ನೆತ್ತಿಗೆ ತಟ್ಟುತ್ತಿದ್ದರು. ಪಟ ಪಟ ಪಟ. ಎಳೆ ಮಗುವಿಗೆ ತಟ್ಟುವ ಹಾಗೆ.

"ಏನಮ್ಮಾ ಅದು?"

"ಹರಳೆಣ್ಣೆ. ತಲೆ ಕಾದ ಹೆಂಚಿನ ಥರ ಸುಡ್ತಿದೆ. ಮಧ್ಯಾಹ್ನವೂ ಒಂದು ಸಲ ಹಾಕಿದ್ದೆ. ನೆತ್ತಿ ತಣ್ಣಗಾದ್ರೆ ಅದುರು ಇಳಿಯುತ್ತೆ."

"ನಾನೇ ಹಾಕಿ ಅಂದೆ ಸಾರ್," ಎಂದ ಕಾಂಪೌಂಡರ್. "ನಮ್ಮ ಮಕ್ಕಳಿಗೆ ಜ್ವರ ಏರಿದ್ರೆ ಹಾಕಲ್ವಾ?"

ನಾನು ನಾಯಿಯ ಬೆನ್ನ ಮೇಲೆ ಕೈ ಆಡಿಸಿದೆ. ಬೆಳಿಗ್ಗೆ ತುಪ್ಪ ಎಂದುಕೊಂಡಿದ್ದ ಜಿಡ್ಡು ಬಾಲದವರೆಗೂ ಇತ್ತು. ಬಾಯಲ್ಲಿ ಕುಡಿಸಿದ ತುಪ್ಪ ಬಾಲಕ್ಕೆ ಹೇಗೆ ಹೋಗುತ್ತದೆ? ಅಂಗೈ ಮೂಸಿದೆ. ಹರಳೆಣ್ಣೆಯ ಒಳಗಿನಿಂದ ಇನ್ನೊಂದು ವಾಸನೆ ಬಂತು, ಮುಗ್ಗಲು ಹಿಡಿದ ಗೋಡೆಯಂಥದ್ದು. ಅದು ನನಗೆ ಚೆನ್ನಾಗಿ ಗೊತ್ತಿದ್ದ ವಾಸನೆ.

"ಬೆಳಿಗ್ಗೆ ಇದಕ್ಕೆ ಎಣ್ಣೆ ಸ್ನಾನ ಮಾಡಿಸಿದ್ರಾ?"

"ವರ್ಷ ವರ್ಷ ಮಾಡಿಸ್ತೀನಿ. ಮನೆಯಲ್ಲಿ ಎಲ್ಲರಿಗೂ ಎಣ್ಣೆ ಶಾಸ್ತ್ರ ಆಗಿ ಇದಕ್ಕೊಂದಕ್ಕೆ ಇಲ್ಲ ಅಂದ್ರೆ ಹೇಗೆ? ಸೀಗೆಪುಡಿ ಕಣ್ಣಿಗೆ ಉರಿ ಅಂತ ಬರೀ ಬಿಸಿನೀರು ಹೊಯ್ದೆ."

"ಉಣ್ಣಿ ಪುಡಿ ಹಾಕಿದ್ರಾ?"

"ನೀವು ಕೊಟ್ಟಿದ್ದೇ. ಹೋದ ವಾರದಿಂದ ಹಾಕ್ತಿದ್ದೀನಿ. ಉಣ್ಣಿ ಎಲ್ಲಾ ಉದುರಿಹೋಯ್ತು."

ಆ ವರ್ಷ ಮಳೆ ಹಿಂದೆಗೆದ ಮೇಲೆ ಉಣ್ಣಿ ವಿಪರೀತವಾಗಿತ್ತು. ದನಗಳಿಗೆಂದು ಬಂದ ಬಿ.ಎಚ್.ಸಿ. ಎಂಬ ಕೀಟನಾಶಕ ಪುಡಿಯನ್ನು ಕೇಳಿದವರಿಗೆಲ್ಲ ಪೊಟ್ಟಣ ಕಟ್ಟಿ ಕೊಟ್ಟಿದ್ದೆವು. ಬೆಳಿಗ್ಗೆ ಸತ್ತ ಎರಡು ನಾಯಿಗಳ ಮನೆಯವರೂ ಒಯ್ದಿದ್ದರು. ಒಣ ಮೈಗೆ ಹಾಕಿ, ನೆಕ್ಕದಂತೆ ನೋಡಿಕೊಳ್ಳಿ ಎಂದು ಹೇಳುತ್ತಿದ್ದೆವು. ಎಣ್ಣೆಯ ಮಾತು ಎಂದೂ ಬಂದಿರಲಿಲ್ಲ. ದನಕ್ಕೆ ಯಾರು ಅಭ್ಯಂಜನ ಮಾಡಿಸುತ್ತಾರೆ?

ಔಷಧದ ಕೋಣೆಗೆ ಓಡಿ ಎರಡು ಲೋಟ ತೆಗೆದುಕೊಂಡೆ. ಒಂದಕ್ಕೆ ನೀರು, ಒಂದಕ್ಕೆ ಹರಳೆಣ್ಣೆ. ಎರಡಕ್ಕೂ ಚಿಟಿಕೆ ಪುಡಿ ಹಾಕಿ ಕಡ್ಡಿಯಿಂದ ಕಲಕಿದೆ. ನೀರಿನಲ್ಲಿ ಪುಡಿ ಒದ್ದೆಯೂ ಆಗದೆ ತೇಲಿತು. ಎಣ್ಣೆಯಲ್ಲಿ ಅದರ ಜೊತೆಗಿದ್ದ ಸುಣ್ಣದಂಥ ಮಣ್ಣು ತಳಕ್ಕಿಳಿಯಿತು, ಆ ಮುಗ್ಗಲು ವಾಸನೆಯೆಲ್ಲ ಎಣ್ಣೆಗೆ ಬಂದಿತ್ತು. ಒಣಗಿದ್ದಾಗ ಕೂದಲ ಮೇಲೆ ಕೂತು ಉಣ್ಣಿ ಸಾಯಿಸುವ ಪುಡಿ, ಎಣ್ಣೆ ಸಿಕ್ಕಿದ ಕೂಡಲೇ ಚರ್ಮದೊಳಗೆ ಇಳಿಯುತ್ತದೆ. ಬೆಳಿಗ್ಗೆಯ ಎಣ್ಣೆಯಿಂದ ಒಂದು ಸಲ ಇಳಿದಿತ್ತು. ನಾಯಿ ನೆಕ್ಕಿ ನುಂಗಿದ್ದ ಪುಡಿಗೂ ಕುಡಿಸಿದ ತುಪ್ಪ ರಕ್ತಕ್ಕೆ ದಾರಿ ಮಾಡಿತ್ತು. ಆಮೇಲೆ ನಾನು ಮದ್ದು ಕೊಟ್ಟು ತಡೆದಾಗಲೆಲ್ಲ ನೆತ್ತಿಯ ಹರಳೆಣ್ಣೆ ಮತ್ತಷ್ಟನ್ನು ಒಳಗೆ ಕಳಿಸಿತ್ತು.

ಇಂಜೆಕ್ಷನ್ ಮುಗಿಸಿ ರಾಯರು ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದರು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಅವರನ್ನು ಹೊರಗೆ ಕರೆದು ಎಲ್ಲ ಹೇಳಿದೆ. ಬೆಳಿಗ್ಗೆ ನಾಯಿಯನ್ನು ಮುಗಿಸಿಬಿಡಿ ಎಂದಿದ್ದ ಮನುಷ್ಯ ನನ್ನ ತೋಳು ಹಿಡಿದುಕೊಂಡರು.

"ಅವಳಿಗೆ ಹೇಳ್ಬೇಡಿ. ಪಟಾಕಿ ತಿಂದಿತ್ತು ಅಂತ ಹೇಳಿ. ತನ್ನ ಕೈಯಿಂದಲೇ ಆಯ್ತು ಅಂತ ಗೊತ್ತಾದ್ರೆ ಅವಳು ಊಟ ಬಿಡ್ತಾಳೆ."

"ಹೇಳದಿದ್ರೆ ನಾಳೆ ಮತ್ತೆ ಹಚ್ತಾರೆ ರಾಯರೇ."

"ನಾನು ನೋಡ್ಕೋತೀನಿ."

"ನನಗೆ ಕಣ್ಣು ಮಂಜು, ಕಿವಿಯಲ್ಲ," ಎಂದು ಒಳಗಿನಿಂದ ಕೇಳಿಸಿತು. ನಾನು ಒಳಗೆ ಹೋದಾಗ ಎರಡೂ ಅಂಗೈ ಮೇಲೆ ಮಾಡಿಕೊಂಡು, ಸೀರೆಗೂ ಒರೆಸಿಕೊಳ್ಳದೆ, ಎಲ್ಲಿಡುವುದೆಂದು ತಿಳಿಯದೆ ಕೂತಿದ್ದರು.

ಎಣ್ಣೆ ತೆಗೆಯಬೇಕಿತ್ತು, ಅದೂ ತಕ್ಷಣ. ತೊಂದರೆ ಇದ್ದದ್ದು ತಲೆಯಲ್ಲಿ. ಎಣ್ಣೆ ಹೆಚ್ಚಿದ್ದದ್ದು ಅಲ್ಲೇ, ಅದನ್ನು ಕುಡಿದು ನೆನೆದಿದ್ದ ಬ್ಯಾಂಡೇಜು ಮೂತಿಗೆ ಬಿಗಿದಿತ್ತು. ತಲೆ ತೊಳೆಯಬೇಕಾದರೆ ಅದನ್ನು ಬಿಚ್ಚಬೇಕು. ನನ್ನ ಎಣಿಕೆ ತಪ್ಪಾಗಿ, ಇದು ನಿಜವಾಗಿ ಹುಚ್ಚೇ ಆಗಿದ್ದರೆ? ನಮ್ಮಲ್ಲಿದ್ದ ಒಂದೇ ಜೊತೆ ರಬ್ಬರ್ ಗವಸು ಬೆರಳುಗಳಲ್ಲಿ ಹರಿದಿತ್ತು. ಕಾಂಪೌಂಡರ್ ಬಾಗಿಲ ಬಳಿಯೇ ನಿಂತ. ನಾನು ಅವನನ್ನು ಕರೆಯಲಿಲ್ಲ. ಕಾಗೆಗಳನ್ನೂ ತೊಟ್ಟಿಯ ಬಳಿಯ ನಾಯಿಗಳನ್ನೂ ನೆನೆಸಿಕೊಂಡೆ, ಲೋಟವನ್ನು ನೆನೆಸಿಕೊಂಡೆ. ಭಯ ಹೋಗಲಿಲ್ಲ. ಆದರೂ ಕತ್ತರಿ ತೆಗೆದುಕೊಂಡು ಬ್ಯಾಂಡೇಜು ಕತ್ತರಿಸಿದೆ.

"ನೀವು ದೂರ ಇರಿ ಅಮ್ಮಾ."

"ಹಚ್ಚಿದ್ದು ನಾನು. ತೊಳೆಯೋಳೂ ನಾನೇ," ಎಂದರು.

"ಹಲ್ಲು ತಾಗಿದ್ರೆ ರಾಯರ ಜೊತೆ ನೀವೂ ಚುಚ್ಚಿಸ್ಕೋಬೇಕು."

"ಚುಚ್ಚಿಸ್ಕೋತೀನಿ."

ಹಟ ಹಿಡಿದವರ ಜೊತೆ ವಾದ ಮಾಡುವ ಹೊತ್ತಲ್ಲ ಅದು. ಬಾಯಿಯ ಕಡೆ ನಾನು ಹಿಡಿದೆ, ಹಿಂದಿನ ಕಡೆ ಅವರಿಗೆ ಬಿಟ್ಟೆ. ಉದ್ದ ಕೂದಲನ್ನು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ ಹಾಕಿದೆ, ಅರ್ಧ ಎಣ್ಣೆ ಅದರ ಜೊತೆಗೇ ಹೋಯಿತು. ಉಳಿದದ್ದಕ್ಕೆ ಬಟ್ಟೆ ಸೋಪು. ಬಿಸಿನೀರು ಬೇಡ, ಚರ್ಮ ಅರಳುತ್ತದೆ ಎಂದು ತೊಟ್ಟಿಯ ನೀರನ್ನೇ ಬಳಸಿದೆವು. ನೊರೆ ಹಾಕುವುದು, ಹೊಯ್ಯುವುದು, ಮತ್ತೆ ನೊರೆ. ಮೊದಲ ನೀರು ಕಲಗಚ್ಚಿನಂತೆ ಇಳಿಯಿತು. ಆಕೆ ಕಣ್ಣಿನಿಂದ ನೋಡುತ್ತಿರಲಿಲ್ಲ, ಬೆರಳಿನಿಂದ ನೋಡುತ್ತಿದ್ದರು. ಜಿಡ್ಡು ಇರುವ ಜಾಗ ನನಗಿಂತ ಬೇಗ ಅವರಿಗೆ ಸಿಗುತ್ತಿತ್ತು. ನಡುವೆ ನಾಯಿ ಒಮ್ಮೆ ಸೆಟೆಯಿತು, ಹಲ್ಲು ಕಟಕಟ ಎಂದಿತು, ನನ್ನ ಹೆಬ್ಬೆರಳಿನ ಪಕ್ಕದಲ್ಲೇ. ರಾಯರು ಬಾಗಿಲಿನಿಂದ ಏನೋ ಅಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಕಾಂಪೌಂಡರನೇ ಒಂದು ಕೊಡ ನೀರು ತಂದು, ಮುಖ ಆ ಕಡೆ ತಿರುಗಿಸಿಕೊಂಡು ಹೊಯ್ದ.

ಕೂದಲು ಬೋಳಿಸಿದ ಮೇಲೆ ಜಿಮ್ಮಿ ನಾಯಿಯಂತೆ ಕಾಣುತ್ತಿರಲಿಲ್ಲ, ನೆನೆದ ಮೊಲದಂತಿತ್ತು. ಒರೆಸಿ, ಒಣ ಗೋಣಿಯಲ್ಲಿ ಸುತ್ತಿ, ನಿದ್ರೆಯ ಮದ್ದನ್ನು ಮೊದಲಿನ ಅರ್ಧದಷ್ಟು ಮಾತ್ರ ಕೊಟ್ಟೆ. ಆಮೇಲೆ ಮಾಡಲು ಏನೂ ಉಳಿದಿರಲಿಲ್ಲ. ಅಂಥ ಹೊತ್ತು ನನಗೆ ಎಲ್ಲಕ್ಕಿಂತ ಕಷ್ಟ. ತುಟಿ ಮಿಡಿದರೆ ಎದ್ದು ಬಗ್ಗಿ ನೋಡುವೆ, ನಿಂತರೆ ಉಸಿರೇ ನಿಂತಿತೇನೋ ಎಂದು ಮತ್ತೆ ಬಗ್ಗುವೆ.

ಬೆಳಿಗ್ಗೆ ಇನ್ಸ್‌ಪೆಕ್ಟರ್ ಬಂದಾಗ ಜಿಮ್ಮಿ ಎದ್ದು ನಿಂತಿತ್ತು. ಕಾಲು ಅತ್ತಿತ್ತ ಹೋಗುತ್ತಿದ್ದವು, ಗೋಡೆಗೆ ಒರಗಿಕೊಂಡಿತ್ತು, ಆದರೆ ನಿಂತಿತ್ತು. ಅವರು ಆ ಬೋಳು ಪ್ರಾಣಿಯನ್ನು ಮೇಲಿಂದ ಕೆಳಗೆ ನೋಡಿದರು.

"ಇದೇನಾ ಅದು?"

"ಇದೇ."

"ಕಟ್ಟಿ ಹಾಕಿರಿ. ನಿಮ್ಮ ದಿನ ಮುಗಿಯೋವರೆಗೂ ಬಿಡಬೇಡಿ," ಎಂದು ಹೇಳಿ ಹೋದರು. ಅದು ಸರಿಯಾದ ಮಾತು, ಹಾಗೆಯೇ ಮಾಡಿದೆವು. ಜಿಮ್ಮಿ ಬದುಕಿತು. ಆ ಹತ್ತು ದಿನ ಮುಗಿಯುವವರೆಗೂ ರಾಯರು ಗೊಣಗುತ್ತ ಇಂಜೆಕ್ಷನ್ನಿಗೆ ಹೋಗಿ ಬಂದರು.

ಆದರೆ ಆ ಅಮಾವಾಸ್ಯೆಯ ಬೆಳಿಗ್ಗೆ ನಿಟ್ಟುಸಿರು ಬಿಡಲು ಸಮಯವಿರಲಿಲ್ಲ. ಮರುದಿನವೇ ಬಲಿಪಾಡ್ಯಮಿ, ಮತ್ತೆ ಎಣ್ಣೆ ಸ್ನಾನ. ನಮ್ಮಿಂದ ಪುಡಿ ಒಯ್ದ ಮನೆಗಳು ಎಷ್ಟಿದ್ದವೋ. ಕಾಂಪೌಂಡರ್ ಒಂದು ಕಡೆ, ನಾನು ಒಂದು ಕಡೆ ಸೈಕಲ್ ತುಳಿದೆವು. ಬಾಗಿಲು ಬಡಿದು, ನಾಯಿಗೆ ಎಣ್ಣೆ ಹಚ್ಚಬೇಡಿ ಎಂದರೆ ಜನ ನಗುತ್ತಿದ್ದರು. ಎಣ್ಣೆಯಿಂದ ಯಾರಿಗಾದರೂ ಕೆಟ್ಟದ್ದಾಗುತ್ತದೆಯೇ? ಒಂದು ಮನೆಯಲ್ಲಿ, ಡಾಕ್ಟ್ರಿಗೆ ಹಬ್ಬದ ಇನಾಮು ಬೇಕಿರಬೇಕು ಎಂದು ಒಳಗಿನಿಂದ ಹೇಳಿದ್ದೂ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ರಾಯರ ಹೆಂಡತಿ ಗಂಡನ ತೋಳು ಹಿಡಿದುಕೊಂಡು ಬೀದಿಗೆ ಬಂದರು. ಅವರು ಬಾಗಿಲಿಗೆ ನಿಂತು ಹೇಳುತ್ತಿದ್ದದ್ದು ಒಂದೇ ಮಾತು: "ನನ್ನ ನಾಯಿಗೆ ನಾನೇ ಎಣ್ಣೆ ಹಚ್ಚಿ ಸಾಯೋ ಹಾಗೆ ಮಾಡಿದ್ದೆ. ನೀವು ಮಾಡ್ಬೇಡಿ." ಆ ಮಾತಿಗೆ ಯಾರೂ ನಗಲಿಲ್ಲ. ಬಲಿಪಾಡ್ಯಮಿಯ ದಿನ ಆಸ್ಪತ್ರೆಗೆ ಒಂದೂ ನಾಯಿ ಬರಲಿಲ್ಲ.

ಮರುವರ್ಷ ನರಕ ಚತುರ್ದಶಿಯ ಬೆಳಿಗ್ಗೆ ನಾನು ಸ್ನಾನಕ್ಕೂ ನಿಲ್ಲದೆ ಬಂದು ಬೀಗ ತೆಗೆದೆ. ಮೊದಲೇ ಎಲ್ಲ ಮನೆಗೂ ಹೇಳಿ ಆಗಿತ್ತು. ಆದರೂ ಜೀವ ನಿಲ್ಲಲಿಲ್ಲ. ಗೇಟಿನ ತನಕ ಹೋಗುವುದು, ರಸ್ತೆ ನೋಡುವುದು, ಒಳಗೆ ಬರುವುದು. ಬಿಸಿಲು ಏರಿದ ಮೇಲೆ ಒಂದು ನಾಯಿ ಕಂಡಿತು. ಬಿಳಿಯದು, ತುಂಬು ಕೂದಲು, ಹಗ್ಗ ಜಗ್ಗುತ್ತ ಮುಂದೆ. ಹಿಂದೆ ರಾಯರ ಹೆಂಡತಿ, ಕೈಯಲ್ಲಿ ಕಜ್ಜಾಯದ ಡಬ್ಬಿ.

ಹತ್ತಿರ ಬಂದಾಗ ನೋಡಿದೆ, ಅವರ ಕೂದಲು ಒಣಗಿತ್ತು. ಹಬ್ಬದ ಬೆಳಿಗ್ಗೆ ಎಣ್ಣೆ ಕಾಣದ ತಲೆ ಗಾಳಿಗೆ ಕೆದರಿ ಹಾರುತ್ತಿತ್ತು.

"ಸ್ನಾನ ಆಗಿಲ್ವಾ ಅಮ್ಮಾ?"

"ಬರೀ ತಣ್ಣೀರು ಹೊಯ್ಕೊಂಡೆ. ಮನೆಯವರಿಗೆ ಹಬ್ಬಕ್ಕೆ ಬಂದ ಸೊಸೆ ಎಣ್ಣೆ ಇಟ್ಳು. ನನಗೆ ಆ ಶೀಶೆ ಮುಟ್ಟೋಕೆ ಕೈ ಬರಲ್ಲ ಡಾಕ್ಟ್ರೇ. ಹೋದ ವರ್ಷದಿಂದ ಮುಟ್ಟಿಲ್ಲ."

ಪುಡಿ ಇಲ್ಲದಿದ್ದರೆ ಎಣ್ಣೆಯಿಂದ ಏನೂ ಆಗುವುದಿಲ್ಲ ಎಂದೆ. "ಅದು ಗೊತ್ತಪ್ಪ," ಎಂದರು. ಗೊತ್ತಿದ್ದರೂ ಆಗದ ಕೆಲಸಗಳಿವೆ. ಅವರನ್ನು ಹಾಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಔಷಧದ ಕೋಣೆಯಿಂದ ಹರಳೆಣ್ಣೆಯ ದೊಡ್ಡ ಬಾಟಲಿ ತಂದು ಅವರ ಮುಂದಿಟ್ಟೆ.

"ನನಗೂ ಇನ್ನೂ ಆಗಿಲ್ಲ. ಯಾರೂ ಹಚ್ಚೋರಿಲ್ಲ. ನೀವು ಹಚ್ಚಿ."

ಆಕೆ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದರು. "ಇದು ದನಕ್ಕೆ ಭೇದಿಗೆ ಕೊಡೋ ಎಣ್ಣೆ ಅಲ್ವಾ?"

"ದನಕ್ಕೆ ಆಗೋದು ನನಗೂ ಆಗುತ್ತೆ."

ನಾನು ಮೆಟ್ಟಿಲ ಮೇಲೆ ಕೂತೆ. ಹಿಂದೆ ಬಿರಡೆ ತೆಗೆದ ಸದ್ದು ಕೇಳಿತು. ಜಿಮ್ಮಿ ಬಂದು ಬಾಟಲಿಯನ್ನು ಮೂಸಿತು. ಆಕೆ ಅದನ್ನು ಮೊಣಕೈಯಿಂದ ದೂರ ತಳ್ಳಿ, "ನಿನಗಲ್ಲ, ಹೋಗು," ಎಂದರು. ಆಮೇಲೆ ನನ್ನ ನೆತ್ತಿಯ ಮೇಲೆ ಅಂಗೈ ಬಿತ್ತು. ಪಟ, ಎಂದು ಒಂದು ಸಲ ತಟ್ಟಿ ನಿಂತಿತು. ಮತ್ತೆ ಪಟ ಪಟ ಪಟ ಎಂದು ತಟ್ಟತೊಡಗಿತು. ಅವರು ಸಾಕು ಎನ್ನುವವರೆಗೂ ನಾನು ಅಲ್ಲಾಡದೆ ಕೂತಿದ್ದೆ.